ಒಮ್ಮೆಲೇ ಒಂದು ಕಣ್ಣು ಕಾಣದಾದಾಗ ಕ್ಯಾಶುವಲ್ಟಿಯಲ್ಲಿ ಮಾಡುವ ಕಣ್ಣಿನ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಮರ್ಜೆನ್ಸಿ ಡಾಕ್ಟರು, ಕಣ್ಣಿನ ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಉಡುಪಿ ಮಂಗಳೂರು ಅಂತ ಇದೇ ಹೈವೇಯ ಆ ತುದಿ ಈ ತುದಿಯಲ್ಲಿ ನೈಟ್ ಡ್ಯೂಟಿ ಮಾಡಿ ಮಾಡಿ ಈ ಪ್ರಶ್ನೆಗಳನ್ನು ಎಷ್ಟು ಸಲ ಕೇಳಿಸ್ಕೊಂಡಿದ್ದೇನೆ ಅಂದ್ರೆ ಈಗ ಒಂದು ಸಲ ಬರೆದೇ ಇಡುವ ಅಂತ ಕೂತೆ. ಕೆಲವು ಪ್ರಶ್ನೆ ಪೇಶೆಂಟಿನ ಮನೆಯವರದ್ದು, ಕೆಲವು ನಮ್ಮ ಇಂಟರ್ನ್ ಮಕ್ಕಳದ್ದು, ಎಲ್ಲ ಒಟ್ಟಿಗೇ ಉಂಟು, ನಿಮಗೆ ಬೇಡದ್ದನ್ನು ಬಿಟ್ಟು ಮುಂದೆ ಹೋಗಿ.

ಕಣ್ಣು ಕಾಣದಿದ್ರೆ ಕಣ್ಣಿನ ಡಾಕ್ಟರ್ ನೋಡ್ಬೇಕಲ್ವಾ, ನೀವೆಂತ ಹೊಟ್ಟೆಗೆ ಮಾಡುವ ಸ್ಕ್ಯಾನ್ ಮೆಷಿನ್ ತಳ್ಕೊಂಡು ಬಂದದ್ದು?

ನೋಡ್ಬೇಕು, ನೋಡಿಯೇ ನೋಡ್ತಾರೆ. ಆದ್ರೆ ರಾತ್ರಿ 2 ಗಂಟೆಗೆ ನೀವು ಬಂದಾಗ ಅಲ್ಲಿ ಇರೋದು ನಾನು. ನನ್ನ ಹತ್ರ ಇರುವ ಟಾರ್ಚಿನಲ್ಲಿ ಕಣ್ಣಿನ ಮುಂದಿನ ಭಾಗ ಮಾತ್ರ ಕಾಣ್ತದೆ. ಹಿಂದಿನ ಪರದೆ, ಅಂದ್ರೆ ರೆಟಿನಾ ನೋಡ್ಬೇಕಾದ್ರೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡದಾಗ್ಲಿಕ್ಕೆ ಅರ್ಧ ಗಂಟೆ ಕಾಯ್ಬೇಕು, ಆಮೇಲೆ ನೋಡ್ಲಿಕ್ಕೆ ಕೈ ಪಳಗಿದವರೂ ಬೇಕು. ಅದೂ ಪೊರೆ ಬಲಿತಿದ್ರೆ ಅಥವಾ ಕಣ್ಣೊಳಗೆ ರಕ್ತ ತುಂಬಿದ್ರೆ ಬೆಳಕು ಒಳಗೆ ಹೋಗೋದೇ ಇಲ್ಲ, ಎಂಥ ದೊಡ್ಡ ಡಾಕ್ಟರ್ ಬಂದ್ರೂ ಕತ್ತಲೆಯೇ. ಈ ಸ್ಕ್ಯಾನ್ ಅಂದ್ರೆ ಅಲ್ಟ್ರಾಸೌಂಡ್, ಬೆಳಕಲ್ಲ ಶಬ್ದ, ಶಬ್ದಕ್ಕೆ ಆ ತಾಪತ್ರಯ ಇಲ್ಲ, ಪೊರೆ ಇರ್ಲಿ ರಕ್ತ ಇರ್ಲಿ ದಾಟಿ ಹೋಗ್ತದೆ.

ಮಲ್ಪೆಯ ಬೋಟಿನವರಿಗೆ ನಾನು ಇದನ್ನು ವಿವರಿಸೋದೇ ಬೇಡ. ಒಬ್ರು ತಾಂಡೇಲರು, ಅಂದ್ರೆ ಬೋಟ್ ನಡೆಸುವವರು, ಸ್ಕ್ರೀನ್ ನೋಡಿದ್ದೇ "ಇದು ನಮ್ಮ ಫಿಶ್ ಫೈಂಡರ್ ಅಲ್ವಾ ಡಾಕ್ಟ್ರೇ" ಅಂದ್ರು. ನಿಜ, ಅದೇ ಲೆಕ್ಕ. ಬೋಟಿನದ್ದು ಸಾಮಾನ್ಯ 50 ಅಥವಾ 200 ಕಿಲೋಹರ್ಟ್ಸ್ ಶಬ್ದ ಕೆಳಗೆ ಕಳಿಸಿ ಸಮುದ್ರದ ತಳದಿಂದ ವಾಪಸ್ ಬಂದದ್ದನ್ನು ಗೆರೆ ಮಾಡಿ ತೋರಿಸ್ತದೆ, ನಮ್ಮದು 7.5 ಮೆಗಾಹರ್ಟ್ಸ್‌ನಿಂದ ಮೇಲಿನದ್ದು, ಯಾಕಂದ್ರೆ ನಮ್ಮ ಸಮುದ್ರದ ಆಳ ಬರೀ 24 ಮಿಲಿಮೀಟರ್ ಆಸುಪಾಸು. ಇದೇನು ಮೊನ್ನೆ ಬಂದ ಐಡಿಯಾ ಅಲ್ಲ, ಕಣ್ಣಿಗೆ ಅಲ್ಟ್ರಾಸೌಂಡ್ ಹಚ್ಚಿ ನೋಡ್ಲಿಕ್ಕೆ ಶುರು ಮಾಡಿದ್ದು 1956ರಲ್ಲಿ, ಮುಂಡ್ಟ್ ಮತ್ತು ಹ್ಯೂಸ್ ಅಂತ ಇಬ್ರು, ಎರಡು ವರ್ಷ ಕಳೆದು ಬಾಮ್ ಮತ್ತು ಗ್ರೀನ್‌ವುಡ್ ಅದನ್ನು ಚಿತ್ರ ಕಾಣುವ ಹಾಗೆ ಮಾಡಿದ್ರು. ಕಣ್ಣಿನ ಆಸ್ಪತ್ರೆಯಲ್ಲಿ ಬಿ-ಸ್ಕ್ಯಾನ್ ಅಂತ ಹೇಳೋದು ಈ ಚಿತ್ರ ಕಾಣುವ ಸ್ಕ್ಯಾನಿಗೇ. ಹೊಸತೆಂತ ಅಂದ್ರೆ ಕ್ಯಾಶುವಲ್ಟಿಯ ಸಾದಾ ಮೆಷಿನ್‌ನಲ್ಲೇ, ಬೆಡ್ ಹತ್ರವೇ, ನಮ್ಮಂಥವರೂ ಮಾಡ್ತಿದ್ದೇವೆ ಅನ್ನೋದು.

ನೋವಾಗ್ತದಾ? ರೇಡಿಯೇಶನ್ ಉಂಟಾ?

ಎರಡೂ ಇಲ್ಲ. ಜೆಲ್ ತಣ್ಣಗೆ ಇರ್ತದೆ, ಎಸಿಯಲ್ಲಿ ಇಟ್ಟದ್ದಾದ್ರೆ ಒಮ್ಮೆ ಮೈ ಜುಂ ಅನ್ನಿಸ್ಬಹುದು, ಅಷ್ಟೇ.

ಹೇಗೆ ಮಾಡ್ತಾರೆ?

ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ತೆಗೀಬೇಕು. ಅಂಗಾತ ಮಲಗಿ ಕಣ್ಣು ಮುಚ್ಚಿದ್ರಾಯ್ತು, ಕಣ್ಣು ಬಿಡ್ಲಿಕ್ಕೇ ಇಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಾಕ್ತೇವೆ, ಸ್ವಲ್ಪ ಅಲ್ಲ, ರಾಶಿ. ಇಂಟರ್ನ್‌ಗಳಿಗೆ ನಾನು ಹೇಳೋದು, ನೀರುದೋಸೆಗೆ ಬೆಣ್ಣೆ ಇಡುವ ಹಾಗೆ ಕಂಜೂಸ್ ಮಾಡ್ಬೇಡಿ, ಪ್ರೋಬ್, ಅಂದ್ರೆ ಮೆಷಿನ್ನಿನ ಕೈಯಲ್ಲಿ ಹಿಡಿಯುವ ತುದಿ, ರೆಪ್ಪೆಗೆ ತಾಗ್ಲೇಬಾರ್ದು, ಜೆಲ್ ಮೇಲೆ ತೇಲ್ಬೇಕು. ಪ್ರೋಬನ್ನು ಪೆನ್ ಹಿಡಿದ ಹಾಗೆ ಹಿಡಿದು ಕಿರುಬೆರಳನ್ನು ಪೇಶೆಂಟಿನ ಮೂಗಿನ ಮೇಲೋ ಹುಬ್ಬಿನ ಮೇಲೋ ಊರಿಟ್ರೆ ಕಣ್ಣಿನ ಮೇಲೆ ಭಾರ ಬೀಳೋದಿಲ್ಲ. ಮೆಷಿನ್‌ನಲ್ಲಿ ಕಣ್ಣಿಗೆ ಅಂತ ಮೊದಲೇ ಹೊಂದಿಸಿಟ್ಟ ಪ್ರೀಸೆಟ್ ಇದ್ರೆ ಅದನ್ನೇ ಹಾಕಿ, ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಶಬ್ದದ ಜೋರಿನ ಅಳತೆ) ಅಂತ ಒಂದು ನಂಬರ್ ಬರ್ತದಲ್ಲ ಅದು ಕಣ್ಣಿಗೆ 0.23 ದಾಟಬಾರ್ದು, ಕೆಲಸ ಮುಗಿದ ಕೂಡ್ಲೇ ತೆಗೀರಿ, ಸುಮ್ಮನೆ ನೋಡ್ತಾ ನಿಲ್ಲೋದು ಬೇಡ.

ಆಮೇಲೆ ಮುಖ್ಯವಾದದ್ದು, ಮುಚ್ಚಿದ ರೆಪ್ಪೆಯ ಒಳಗೇ ಕಣ್ಣುಗುಡ್ಡೆ ತಿರುಗಿಸ್ಲಿಕ್ಕೆ ಹೇಳೋದು. ಬಲಕ್ಕೆ ನೋಡಿ ಎಡಕ್ಕೆ ನೋಡಿ ಮೇಲೆ ಕೆಳಗೆ. ಹೆಚ್ಚಿನ ಅಜ್ಜಿಯಂದಿರಿಗೆ ಕನ್ನಡದಲ್ಲಿ ಹೇಳಿದ್ರೆ ತಲೆಯನ್ನೇ ತಿರುಗಿಸ್ತಾರೆ, ತುಳುವಿನಲ್ಲಿ "ಮಿತ್ತ್ ತೂಲೆ, ತಿರ್ತ್ ತೂಲೆ" (ಮೇಲೆ ನೋಡಿ, ಕೆಳಗೆ ನೋಡಿ) ಅಂದ್ರೆ ಮಾತ್ರ ಕಣ್ಣು ತಿರುಗ್ತದೆ. ಈ ತಿರುಗಿಸೋದು ಯಾಕೆ ಅಂದ್ರೆ, ಒಳಗೆ ಕಳಚಿದ್ದು ಏನಾದ್ರೂ ಇದ್ರೆ ಅದು ಹೇಗೆ ಅಲುಗಾಡ್ತದೆ ಅನ್ನೋದರಲ್ಲೇ ಅರ್ಧ ಉತ್ತರ ಉಂಟು. ಚೆನ್ನಾಗಿರುವ ಕಣ್ಣನ್ನೂ ನೋಡ್ತೇವೆ, ಹೋಲಿಸ್ಲಿಕ್ಕೆ. "ಆ ಕಣ್ಣು ಸರಿ ಉಂಟಲ್ಲ ಡಾಕ್ಟ್ರೇ" ಅಂತ ಬಯ್ಬೇಡಿ. ಎರಡೂ ಕಣ್ಣು ಸೇರಿ ಐದು ನಿಮಿಷದ ಕೆಲಸ.

ಸ್ಕ್ರೀನ್ ಮೇಲೆ ಎಂತ ಕಾಣ್ತದೆ? ನಮಗೆ ಬರೀ ಕಪ್ಪು ಕಾಣ್ತದೆ.

ಬರೀ ಕಪ್ಪು ಕಂಡ್ರೆ ಖುಷಿ ಪಡಿ. ಮೇಲೆ ರೆಪ್ಪೆ, ಅದರ ಕೆಳಗೆ ಲೆನ್ಸಿನದ್ದೊಂದು ಬಿಳಿ ಬಿಲ್ಲು, ಆಮೇಲೆ ದುಂಡಗೆ ಬಾವಿಯ ಹಾಗೆ ಕಪ್ಪು, ಅದು ವಿಟ್ರಿಯಸ್ ಅನ್ನುವ ಲೋಳೆ. ಬಾವಿಯ ತಳದಲ್ಲಿ ಬಿಳಿ ಗೋಡೆ. ರೆಟಿನಾ ಆ ಗೋಡೆಗೆ ಅಂಟಿಕೊಂಡಿರುವ ತನಕ ಬೇರೆಯಾಗಿ ಕಾಣೋದೇ ಇಲ್ಲ. ಗೋಡೆಯ ಹಿಂದೆ ಕಪ್ಪು ಪಟ್ಟಿಯೊಂದು ಕೆಳಗೆ ಇಳೀತದೆ, ಅದು ಕಣ್ಣಿನ ನರ. ಆ ನರ ಸಿಗುವ ತನಕ ಸ್ಕ್ಯಾನ್ ಮುಗಿದ ಲೆಕ್ಕವೇ ಅಲ್ಲ, ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿ ಗೊತ್ತಾಗ್ತದೆ.

ರೆಟಿನಾ ಕಳಚಿದ್ದು ಹೇಗೆ ಗೊತ್ತಾಗ್ತದೆ?

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥ ಆಗ್ತದೆ. ಒಡ್ಡೋಲಗಕ್ಕೆ, ಅಂದ್ರೆ ವೇಷ ರಂಗಕ್ಕೆ ಬರುವ ಮೊದಲು ಇಬ್ರು ಎರಡು ತುದಿಯಲ್ಲಿ ತೆರೆ ಹಿಡ್ಕೊಂಡು ನಿಲ್ತಾರಲ್ಲ, ನಡುವೆ ಬಟ್ಟೆ ಜೋಲಾಡ್ತಾ ಇರ್ತದೆ, ತುದಿ ಮಾತ್ರ ಕೈ ಬಿಡೋದಿಲ್ಲ. ಕಳಚಿದ ರೆಟಿನಾ ಹಾಗೆಯೇ. ಅದು ಗಟ್ಟಿಯಾಗಿ ಅಂಟಿರೋದು ಎರಡೇ ಕಡೆ, ಹಿಂದೆ ನರ ಹೊರಡುವ ಜಾಗದಲ್ಲಿ ಮತ್ತೆ ಮುಂದೆ ಅಂಚಿನಲ್ಲಿ. ನಡುವಿನದ್ದು ಗೋಡೆ ಬಿಟ್ಟು ಎದ್ದಾಗ ಕಪ್ಪು ಬಾವಿಯೊಳಗೆ ದಪ್ಪ ಬಿಳಿ ಗೆರೆ, ಗುಡ್ಡೆ ತಿರುಗಿಸಿದ್ರೆ ಬಳುಕ್ತದೆ, ಆದ್ರೆ ನರದ ಜಾಗದಲ್ಲಿ ಮೊಳೆ ಹೊಡೆದ ಹಾಗೆ ನಿಂತಿರ್ತದೆ, ಅದನ್ನು ದಾಟಿ ಆ ಕಡೆಗೆ ಹೋಗೋದಿಲ್ಲ. ಪೂರ್ತಿ ಕಳಚಿದ್ರೆ ಎರಡು ರೆಕ್ಕೆ ಎತ್ತಿದ ಕೊಕ್ಕರೆಯ ಹಾಗೆ ಕಾಣ್ತದೆ, ಬುಡ ನರದಲ್ಲಿ.

ಪೇಶೆಂಟ್ ಹೇಳೋದೂ ಅದನ್ನೇ, ಮಜಾ ನೋಡಿ, "ಒಂದು ಕಡೆಯಿಂದ ತೆರೆ ಬಂದ ಹಾಗೆ". ಅದಕ್ಕೂ ಮೊದಲು ಒಂದೆರಡು ದಿನ ಮಿಂಚು ಹೊಡೆದ ಹಾಗೆ ಬೆಳಕು, ಸೊಳ್ಳೆ ಹಾರಿದ ಹಾಗೆ ಕಪ್ಪು ಚುಕ್ಕೆ. ನೋವು ಮಾತ್ರ ಇರೋದಿಲ್ಲ, ಮತ್ತೆ ಆ ನೋವಿಲ್ಲದ್ದೇ ನಮ್ಮ ಶತ್ರು, ನೋವಿದ್ರೆ ಜನ ಓಡಿ ಬರ್ತಾರೆ, ನೋವಿಲ್ಲದಿದ್ರೆ ಶನಿವಾರದ ಮದುವೆ ಮುಗಿಸಿ ಸೋಮವಾರ ಬರ್ತಾರೆ. ಮೈನಸ್ ಪವರಿನ ದಪ್ಪ ಕನ್ನಡಕದವರು, ಪೊರೆ ಆಪರೇಶನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆಯಲ್ಲಿ ಯಾರಿಗಾದ್ರೂ ರೆಟಿನಾ ಕಳಚಿದ ಹಿಸ್ಟರಿ ಇರುವವರು, ಇವರಿಗೆ ಚಾನ್ಸ್ ಜಾಸ್ತಿ.

ಇಲ್ಲಿ ಒಂದು ವಿಷಯಕ್ಕೆ ನಾನು ಜೀವ ಬಿಡ್ತೇನೆ. ನರದಿಂದ ಕಿವಿಯ ಬದಿಗೆ ಸ್ವಲ್ಪ ಸರಿದ್ರೆ ಮ್ಯಾಕುಲಾ ಅನ್ನುವ ಜಾಗ, ಓದೋದು ಮುಖ ಗುರುತಿಸೋದು ಎಲ್ಲ ಅಲ್ಲಿಂದ. ತೆರೆ ಅಲ್ಲಿಯ ತನಕ ಕಳಚಿಲ್ಲ ಅಂತಾದ್ರೆ ಅದು ನಿಜವಾದ ಓಟ, ಒಂದು ದಿನದೊಳಗೆ ಆಪರೇಶನ್ ಆದ್ರೆ ಆ ನೋಟ ಉಳಿಸ್ಬಹುದು. ಮ್ಯಾಕುಲಾ ಆಗಲೇ ಹೋಗಿದ್ರೆ ಕೆಲವು ದಿನಗಳ ಟೈಮ್ ಉಂಟು, ಅಂದ್ರೆ ಕೂತ್ಕೊಳ್ಳಿ ಅಂತಲ್ಲ, ರೆಟಿನಾ ಸರ್ಜನ್ ಡೇಟ್ ಕೊಡ್ತಾರೆ. ರೆಟಿನಾ ಕಳಚಿದ್ದರ ಬಗ್ಗೆ ಜನ ಉಲ್ಟಾ ತಿಳ್ಕೊಂಡಿರ್ತಾರೆ, ಪೂರ್ತಿ ಕಾಣದವರು ಅರ್ಜೆಂಟ್, ಸ್ವಲ್ಪ ಮಾತ್ರ ಮಸುಕಾದವರು ಕಾಯ್ಬಹುದು ಅಂತ. ಓದ್ಲಿಕ್ಕೆ ಆಗ್ತದೆ, ಬದಿಯಲ್ಲಿ ಮಾತ್ರ ತೆರೆ ಅನ್ನುವವರೇ ಮೊದಲು ಓಡ್ಬೇಕಾದವರು.

ಬರೀ ಚುಕ್ಕೆ ಚುಕ್ಕೆ ಹಾರ್ತದೆ, ಅದಕ್ಕೂ ಬರ್ಬೇಕಾ?

ಎಷ್ಟೋ ವರ್ಷದಿಂದ ಒಂದೆರಡು ಚುಕ್ಕೆ ಇದ್ರೆ ಅದು ಹಾಗೇ. ಇವತ್ತು ಒಮ್ಮೆಲೇ ಜಾಸ್ತಿ ಆದ್ರೆ, ಮಿಂಚೂ ಇದ್ರೆ, ಬರ್ಬೇಕು. 50 ದಾಟಿದ ಮೇಲೆ ಒಳಗಿನ ಲೋಳೆ ಕುಗ್ಗಿ ಹಿಂದಿನ ಗೋಡೆಯಿಂದ ಬಿಡಿಸ್ಕೊಳ್ತದೆ, ಅದು ಕೂದಲು ನೆರೆತ ಹಾಗೆ, ಕಾಯಿಲೆ ಅಂತಲೂ ಹೇಳ್ಬೇಕಿಲ್ಲ. ಆದ್ರೆ ಬಿಡಿಸ್ಕೊಳ್ಳುವಾಗ ರೆಟಿನಾವನ್ನು ಎಳೆದು ಹರೀಬಹುದು, ಹೀಗೆ ಹೊಸದಾಗಿ ತೊಂದರೆ ಶುರುವಾಗಿ ಬಂದವರಲ್ಲಿ ಸುಮಾರು 7 ಜನರಲ್ಲಿ ಒಬ್ರಿಗೆ ಹರಿದಿರ್ತದೆ. ಆ ಹರಿದ ತೂತನ್ನು ಲೇಸರ್ ಹಾಕಿ ಸುತ್ತ ಬೆಸುಗೆ ಹಾಕಿದ್ರೆ ಮುಗೀತು, ಬಿಟ್ರೆ ಅದರೊಳಗೆ ನೀರು ನುಗ್ಗಿ ಮೇಲೆ ಹೇಳಿದ ತೆರೆ ಕತೆ.

ಸ್ಕ್ಯಾನ್‌ನಲ್ಲಿ ಈ ಲೋಳೆಯ ಪದರ ತೆಳು ಗೆರೆ, ಜೇಡನ ಬಲೆ ಗಾಳಿಗೆ ಆಡಿದ ಹಾಗೆ ಸಲೀಸಾಗಿ ಆಡ್ತದೆ, ನರದ ಜಾಗವನ್ನು ಆರಾಮಾಗಿ ದಾಟಿ ಹೋಗ್ತದೆ, ಅಲ್ಲಿ ಕಟ್ಟಿಹಾಕಿದ್ದು ಕಾಣೋದಿಲ್ಲ. ರೆಟಿನಾ ಮತ್ತೆ ಇದು ಕನ್‌ಫ್ಯೂಸ್ ಆಗೋದು ನಮಗೂ ಉಂಟು. ಡೌಟ್ ಇದ್ರೆ ರೆಟಿನಾ ಅಂತಲೇ ತಿಳ್ಕೊಂಡು ಕಳಿಸಿ, ಇದು ಇಂಟರ್ನ್‌ಗಳಿಗೆ. ಮತ್ತೆ ಸಣ್ಣ ತೂತು ನಮ್ಮ ಪ್ರೋಬಿಗೆ ಸಿಗೋದು ಕಷ್ಟ, ಹಾಗಾಗಿ ಸ್ಕ್ಯಾನ್ ಹೇಗೇ ಇರ್ಲಿ ಡ್ರಾಪ್ಸ್ ಹಾಕಿ ಅಂಚಿನ ತನಕ ನೋಡುವ ಪರೀಕ್ಷೆ ತಪ್ಪಿಸ್ಲಿಕ್ಕಿಲ್ಲ, ತಿಂಗಳು ಒಂದೂವರೆ ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿಸ್ಲಿಕ್ಕೂ ಹೇಳ್ತಾರೆ, ಹೋಗಿ.

ಶುಗರ್ ಉಂಟು, ಬೆಳಿಗ್ಗೆ ಎದ್ದಾಗ ಕಣ್ಣಲ್ಲಿ ಹೊಗೆ ತುಂಬಿದ ಹಾಗೆ. ಎಂತ ಆಗಿರ್ಬಹುದು?

ಹೆಚ್ಚಾಗಿ ಕಣ್ಣೊಳಗೆ ರಕ್ತ. ಶುಗರ್ ವರ್ಷಗಟ್ಟಲೆ ಹತೋಟಿಯಲ್ಲಿ ಇಲ್ಲದಿದ್ರೆ ರೆಟಿನಾದಲ್ಲಿ ಹೊಸ ರಕ್ತನಾಳ ಹುಟ್ತವೆ, ಅವು ಭಾರೀ ದುರ್ಬಲ, ಒಡೆದು ಲೋಳೆಯೊಳಗೆ ರಕ್ತ ಬಿಡ್ತವೆ. ಕೆಲವರು ಕೆಂಪು ಅಂತಾರೆ, ಕೆಲವರು ಹೊಗೆ, ಒಬ್ರು ಅಮ್ಮ "ನೀರೊಳಗೆ ಶಾಯಿ ಚೆಲ್ಲಿದ ಹಾಗೆ" ಅಂದಿದ್ರು, ಇಷ್ಟು ಸರಿಯಾದ ವರ್ಣನೆ ನಾನು ಕ್ಲಾಸಲ್ಲೂ ಕೇಳಿಲ್ಲ. ಸ್ಕ್ಯಾನ್‌ನಲ್ಲಿ ಗಂಜಿ ತೆಳಿಯನ್ನು ಸೌಟಿನಲ್ಲಿ ಕಲಕಿದ ಹಾಗೆ ಬಿಳಿ ಕಣಗಳು ತಿರುಗ್ತವೆ, ಗುಡ್ಡೆ ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗ್ತಾ ಇರ್ತವೆ.

ನನ್ನದೊಂದು ಎಡವಟ್ಟು ಇಲ್ಲಿ ಹೇಳ್ಬೇಕು. ಕಲಿಯುವ ಟೈಮಲ್ಲಿ, ಮಳೆಗಾಲ, ರಾತ್ರಿ, ರಿಟೈರ್ಡ್ ಮಾಸ್ಟ್ರೊಬ್ರು ಬಂದ್ರು, ಎಡಗಣ್ಣು ಮಸುಕು. ಸ್ಕ್ಯಾನ್ ಮಾಡಿದೆ, ಬಾವಿ ಕಪ್ಪಗೆ ಕ್ಲಿಯರ್. "ಎಂತ ಇಲ್ಲ ಸರ್, ನಾಡಿದ್ದು ಓಪಿಡಿಗೆ ಬನ್ನಿ" ಅಂತ ದೊಡ್ಡ ಜನ ಆದೆ. ಹಿಂದಿನಿಂದ ನಮ್ಮ ಸೀನಿಯರ್ ಬಂದು ಒಂದು ಮಾತೂ ಆಡದೆ ಗೇನ್ ನಾಬ್, ಅಂದ್ರೆ ವಾಪಸ್ ಬಂದ ಶಬ್ದವನ್ನು ಸ್ಕ್ರೀನಿನಲ್ಲಿ ಜೋರು ಮಾಡಿ ತೋರಿಸುವ ಗುಬ್ಬಿ, ತಿರುಗಿಸಿದ್ರು. ಕಪ್ಪು ಬೂದಿ ಬಣ್ಣ ಆಯ್ತು, ಬೂದಿಯೊಳಗೆ ನೂರಾರು ಚುಕ್ಕೆ ಸುಳಿ ಸುಳಿಯಾಗಿ ಎದ್ದವು. "ಕತ್ತಲೆ ಕೋಣೆಯಲ್ಲಿ ಧೂಳು ಕಾಣ್ತದಾ? ಕಿಟಕಿ ತೆಗೆದು ನೋಡ್ಬೇಕು" ಅಂದ್ರು. ಮಾಸ್ಟ್ರು ಕಣ್ಣು ಮುಚ್ಕೊಂಡೇ "ಇವರಿಗೆ ಎಷ್ಟು ಮಾರ್ಕ್ಸ್?" ಅಂತ ಕೇಳಿದ್ರು. ಅವತ್ತಿಂದ ಗೇನ್ ಮೊದಲು ಕಮ್ಮಿ ಇಟ್ಟು ನೋಡಿ, ಆಮೇಲೆ ಬೇಕಂತಲೇ ಏರಿಸಿ ಇನ್ನೊಮ್ಮೆ ನೋಡದೆ ಪ್ರೋಬ್ ಕೆಳಗೆ ಇಟ್ಟದ್ದಿಲ್ಲ. ಏರಿಸಿದ್ರೆ ಸುಮ್ಮಸುಮ್ಮನೆ ಚುಕ್ಕೆ ಕಾಣ್ಬಹುದು ಅನ್ನೋದೂ ಸತ್ಯ, ಅದಕ್ಕೇ ಇನ್ನೊಂದು ಕಣ್ಣನ್ನು ಅದೇ ಗೇನ್‌ನಲ್ಲಿ ನೋಡೋದು.

ರಕ್ತ ಇದ್ರೆ ಅದರ ಹಿಂದೆ ರೆಟಿನಾ ಕಳಚಿದೆಯಾ ಅನ್ನೋದೇ ಆಮೇಲಿನ ಪ್ರಶ್ನೆ. ಕಳಚಿಲ್ಲದಿದ್ರೆ ತಲೆ ಎತ್ತರ ಇಟ್ಟು ಮಲಗಿ, ಭಾರ ಎತ್ಬೇಡಿ, ರಕ್ತ ತೆಳು ಮಾಡುವ ಮಾತ್ರೆ ನೀವಾಗಿ ನಿಲ್ಲಿಸ್ಬೇಡಿ, ಕೇಳಿ ನಿಲ್ಲಿಸಿ.

ಸ್ಕ್ಯಾನ್ ನಾರ್ಮಲ್ ಅಂದ್ರು. ಹಾಗಾದ್ರೆ ಮನೆಗೆ ಹೋಗ್ಬಹುದಲ್ಲ?

ಇಲ್ಲ ಮಾರಾಯ್ರೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಿ. ಕಣ್ಣು ಕಾಣೋದಿಲ್ಲ, ಸ್ಕ್ಯಾನ್ ನಾರ್ಮಲ್, ಇವೆರಡು ಸೇರಿದ್ರೆ ನನಗೆ ಹೆದರಿಕೆ ಜಾಸ್ತಿಯೇ ಆಗ್ತದೆ.

ಸ್ಕ್ಯಾನಿನಲ್ಲಿ ಕಾಣೋದು ಗೋಡೆ, ತೆರೆ, ರಕ್ತ, ಜಾರಿದ ಲೆನ್ಸ್, ಅಂದ್ರೆ ಜಾಗ ಬಿಟ್ಟದ್ದು ಅಥವಾ ತುಂಬಿದ್ದು. ಪೈಪಿನಲ್ಲಿ ನೀರು ಬರ್ತಿದೆಯಾ ಇಲ್ವಾ ಅಂತ ಗೋಡೆ ನೋಡಿದ್ರೆ ಗೊತ್ತಾಗ್ತದಾ? ರೆಟಿನಾಕ್ಕೆ ಹೋಗುವ ಮುಖ್ಯ ರಕ್ತನಾಳ ಬ್ಲಾಕ್ ಆದ್ರೆ ರೆಟಿನಾ ಗೋಡೆಯಲ್ಲೇ ಚಂದವಾಗಿ ಅಂಟಿಕೊಂಡಿರ್ತದೆ, ಸ್ಕ್ಯಾನ್ ಪೋಸ್ಟರ್ ಮಾಡಿ ಹಾಕುವಷ್ಟು ನಾರ್ಮಲ್, ಒಳಗೆ ಮಾತ್ರ ಸಾಯ್ತಾ ಇರ್ತದೆ. ಇದು ಕಣ್ಣಿನ ಸ್ಟ್ರೋಕ್. ನೋವಿಲ್ಲದೆ, ಕೆಲವು ಸೆಕೆಂಡಿನಲ್ಲಿ, ಒಂದು ಕಣ್ಣು ಪೂರ್ತಿ ಕತ್ತಲೆ, ಟಾರ್ಚ್ ಬಿಟ್ರೆ ಆ ಪಾಪೆ ಸರಿಯಾಗಿ ಕುಗ್ಗೋದಿಲ್ಲ. ಗಂಟೆಗಳ ಲೆಕ್ಕ ಇದು, ದಿನಗಳದ್ದಲ್ಲ. ಕೆಲವು ಸ್ಟ್ರೋಕ್ ಸೆಂಟರ್‌ಗಳಲ್ಲಿ 4.5 ಗಂಟೆಯೊಳಗೆ ಬಂದವರಿಗೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಯೋಚನೆ ಮಾಡ್ತಾರೆ, ಎಲ್ಲರಿಗೂ ಆಗೋದಿಲ್ಲ, ಕೊಟ್ರೂ ದೃಷ್ಟಿ ಬಂದೇ ಬರ್ತದೆ ಅಂತ ನಾನು ಹೇಳೋದಿಲ್ಲ. ಆದ್ರೆ ಕಣ್ಣಿಗೆ ಹೋದ ಗಡ್ಡೆ ನಾಳೆ ಮೆದುಳಿಗೆ ಹೋಗ್ಬಹುದು, ಮೊದಲ ಕೆಲವು ವಾರ ಆ ರಿಸ್ಕ್ ಜಾಸ್ತಿ, ಹಾಗಾಗಿ ಕುತ್ತಿಗೆಯ ರಕ್ತನಾಳ, ಹಾರ್ಟು, ಇಸಿಜಿ, ಎಂಆರ್‌ಐ ಎಲ್ಲ ಆಗ್ಲೇಬೇಕು. ಕಣ್ಣಿಗೆ ಬಂದವರಿಗೆ ಹಾರ್ಟ್ ಟೆಸ್ಟ್ ಯಾಕೆ, ಬಿಲ್ ಏರಿಸ್ಲಿಕ್ಕಾ ಅಂತ ಜಗಳ ಆಡುವವರು ದಯವಿಟ್ಟು ಈ ಪ್ಯಾರಾ ಇನ್ನೊಮ್ಮೆ ಓದಿ.

ಇಂಟರ್ನ್‌ಗಳಿಗೆ, ನರದ ಪಟ್ಟಿಯೊಳಗೆ ಗುಡ್ಡೆಯ ಹಿಂದೆಯೇ ಒಂದು ಹೊಳೆಯುವ ಬಿಳಿ ಚುಕ್ಕೆ ಕೆಲವೊಮ್ಮೆ ಸಿಗ್ತದೆ, ಸಿಕ್ಕಿಬಿದ್ದ ಗಡ್ಡೆಯೇ ಅದು. ಕಂಡ್ರೆ ಲಾಭ, ಕಾಣದಿದ್ರೆ ಬ್ಲಾಕ್ ಇಲ್ಲ ಅಂತ ಅರ್ಥ ಅಲ್ಲ.

ಇನ್ನೂ ಉಂಟು. ಗುಡ್ಡೆ ತಿರುಗಿಸಿದ್ರೆ ನೋವು, ಕೆಂಪು ಬಣ್ಣ ಮಾಸಿದ ಹಾಗೆ ಕಾಣೋದು, ಪ್ರಾಯದವರಲ್ಲಿ, ಅದು ನರದ ಉರಿಯೂತ ಇರ್ಬಹುದು. ವಯಸ್ಸಾದವರಿಗೆ ಹಣೆಯ ಬದಿಯಲ್ಲಿ, ಕಣತಲೆಯ ಹತ್ರ ತಲೆನೋವು, ಬಾಚಣಿಗೆ ತಾಗಿದ್ರೂ ನೋವು, ಅಗಿಯುವಾಗ ದವಡೆ ಸೋಲೋದು ಇದ್ರೆ ರಕ್ತನಾಳದ ಉರಿಯೂತ, ಇಎಸ್‌ಆರ್ ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಗೆ ಕಳಿಸಿ ರಿಪೋರ್ಟ್ ಬರುವ ಮೊದಲೇ ಸ್ಟಿರಾಯ್ಡ್ ಶುರು ಮಾಡ್ತಾರೆ, ಇಲ್ಲದಿದ್ರೆ ಇನ್ನೊಂದು ಕಣ್ಣೂ ಹೋಗ್ಬಹುದು. ಕಣ್ಣು ಕೆಂಪಗಾಗಿ ಬಲ್ಬಿನ ಸುತ್ತ ಬಣ್ಣದ ಬಳೆ ಕಂಡು ವಾಂತಿ ಬಂದ್ರೆ ಅದು ಪ್ರೆಶರ್ ಏರಿದ ಗ್ಲಾಕೋಮಾ. ವಾಂತಿ ಅಂತ ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸ್ಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕಳ್ಳ ಸಾರಾಯಿಯ ಮೆಥನಾಲ್, ಅದರಲ್ಲೂ ಕಣ್ಣು ಹೋಗ್ತದೆ, ಗುಡ್ಡೆಯ ಸ್ಕ್ಯಾನ್‌ನಲ್ಲಿ ಅದು ಹಿಡಿಯೋದಿಲ್ಲ.

ಐದು ನಿಮಿಷ ಕಾಣ್ಲಿಲ್ಲ, ಮತ್ತೆ ತನ್ನಿಂತಾನೇ ಸರಿ ಆಯ್ತು. ಈಗಲೂ ಬರ್ಬೇಕಾ?

ಹೌದು, ಇವತ್ತೇ. ಗಡ್ಡೆ ಬಂದು ನಿಂತು ಜಾರಿ ಹೋದದ್ದು ಇರ್ಬಹುದು. ಸರಿಯಾಯ್ತಲ್ಲ ಅಂತ ಮಲಗಿದವರು ಬೆಳಿಗ್ಗೆ ಕೈಕಾಲು ಬಿದ್ದು ಬಂದದ್ದುಂಟು.

ನಿಮ್ಮ ಸ್ಕ್ಯಾನನ್ನು ಎಷ್ಟು ನಂಬ್ಬಹುದು?

ನ್ಯಾಯವಾದ ಪ್ರಶ್ನೆ. 2002ರಲ್ಲಿ ಅಮೆರಿಕದ ಎಮರ್ಜೆನ್ಸಿ ಡಾಕ್ಟರುಗಳು 61 ಜನರ ಮೇಲೆ ಮಾಡಿ ನೋಡಿದಾಗ 60 ಜನರಲ್ಲಿ ಉತ್ತರ ಸರಿ ಇತ್ತು, ಎಲ್ಲರಿಗೂ ಹುಮ್ಮಸ್ಸು ಬಂತು. ಆದ್ರೆ ಅದು ಕೈ ಪಳಗಿದವರದ್ದು. 2019ರಲ್ಲಿ ವೈದ್ಯಕೀಯ ಪತ್ರಿಕೆ ಜಾಮಾ ನೆಟ್‌ವರ್ಕ್ ಓಪನ್‌ನಲ್ಲಿ ಬಂದದ್ದು ನನಗೆ ಹೆಚ್ಚು ಸಮಾಧಾನದ್ದು, 225 ಪೇಶೆಂಟ್, ಸ್ಕ್ಯಾನ್ ಮಾಡಿದವರು ನಮ್ಮ ಹಾಗೆ ಸಾದಾ ಡ್ಯೂಟಿಯವರು. ರೆಟಿನಾ ನಿಜವಾಗಿ ಕಳಚಿದ 100 ಜನರಲ್ಲಿ ಸುಮಾರು 97 ಜನರನ್ನು ಹಿಡಿದ್ರು, ಕಳಚದ 100ರಲ್ಲಿ ಸುಮಾರು 12 ಜನರಿಗೆ ಕಳಚಿದೆ ಅಂತ ಸುಮ್ಮನೆ ಹೇಳಿದ್ರು. ರಕ್ತ ಹಿಡಿದದ್ದು 100ರಲ್ಲಿ 82ರ ಆಸುಪಾಸು. ಲೋಳೆ ಬಿಟ್ಟದ್ದನ್ನು ಹಿಡಿಯೋದರಲ್ಲಿ ಮಾತ್ರ 42 ಚಿಲ್ಲರೆ, ಅಂದ್ರೆ ಫೇಲು. ಹಾಗಾಗಿ ನಾನು ನಿಮಗೆ "ರೆಟಿನಾ ಕಳಚಿದ ಹಾಗೆ ಕಾಣ್ತದೆ" ಅಂದ್ರೆ ಗಾಡಿ ಹತ್ತಿ, ಅಲ್ಲಿ ಹೋಗಿ ಅವರು ಇಲ್ಲ ಅಂದ್ರೆ ನನ್ನನ್ನು ಬಯ್ದು ಸಂತೋಷದಲ್ಲಿ ಬನ್ನಿ.

ಕಣ್ಣಿಗೆ ಪೆಟ್ಟು ಬಿದ್ದಿದೆ, ಸ್ಕ್ಯಾನ್ ಮಾಡ್ಲಿಲ್ಲ ಯಾಕೆ?

ಹುಲ್ಲು ಕತ್ತರಿಸುವ ಮೆಷಿನ್‌ನಿಂದ ಕಲ್ಲು ಸಿಡಿದು, ಕಬ್ಬಿಣ ಕೆತ್ತುವಾಗ ಚೂರು ಹಾರಿ ಬಂದ ಕಣ್ಣಿಗೆ ಪ್ರೋಬ್ ಇಡ್ಲಿಕ್ಕೆ ನನಗೆ ಧೈರ್ಯ ಇಲ್ಲ, ಇರಲೂಬಾರ್ದು. ಗುಡ್ಡೆ ಒಡೆದಿದ್ರೆ ಸ್ವಲ್ಪ ಒತ್ತಿದ್ರೂ ಒಳಗಿನದ್ದು ಹೊರಗೆ ಬರ್ತದೆ. ಪಾಪೆ ದುಂಡಗಿಲ್ಲದೆ ಒಂದು ಕಡೆಗೆ ಎಳೆದ ಹಾಗಿದ್ರೆ ಅದೇ ಸಾಕು ಉತ್ತರ. ಆಗ ಸಿಟಿ ಸ್ಕ್ಯಾನ್. ಮನೆಯಲ್ಲಿ ತೊಳೀಬೇಡಿ, ಉಜ್ಜಬೇಡಿ, ಚುಚ್ಚಿಕೊಂಡದ್ದನ್ನು ಎಳೀಬೇಡಿ, ಹತ್ತಿ ಒತ್ತಿ ಕಟ್ಬೇಡಿ. ಚಾ ಕುಡಿಯುವ ಪೇಪರ್ ಕಪ್ಪಿನ ಬುಡವನ್ನು ಕಣ್ಣಿಗೆ ತಾಗದ ಹಾಗೆ ಮೂಳೆಯ ಮೇಲೆ ಕೂರಿಸಿ ಟೇಪ್ ಹಾಕಿ, ತಿನ್ಲಿಕ್ಕೆ ಕುಡೀಲಿಕ್ಕೆ ಕೊಡದೆ ಕರ್ಕೊಂಡು ಬನ್ನಿ. ಕ್ರಿಕೆಟ್ ಬಾಲ್ ಥರ ಮೊಂಡು ಪೆಟ್ಟಾಗಿ ಗುಡ್ಡೆ ಒಡೆದಿಲ್ಲ ಅಂತ ಗ್ಯಾರಂಟಿ ಆದ್ರೆ ಸ್ಕ್ಯಾನ್ ಬಹಳ ಉಪಯೋಗ, ರೆಪ್ಪೆ ಬಾತು ತೆಗೀಲಿಕ್ಕೇ ಆಗದ ಕಣ್ಣಿನಲ್ಲಿ ಲೆನ್ಸ್ ಜಾರಿ ಬಾವಿಯ ತಳದಲ್ಲಿ ಬಿದ್ದದ್ದು ಸಹ ಕಾಣ್ತದೆ.

ಕಣ್ಣಿನ ಸ್ಕ್ಯಾನ್‌ನಲ್ಲಿ ತಲೆಯ ಪ್ರೆಶರ್ ಗೊತ್ತಾಗ್ತದಂತೆ, ಹೌದಾ?

ಒಂದು ಅಂದಾಜು ಸಿಗ್ತದೆ. ಗುಡ್ಡೆಯ ಹಿಂದೆ 3 ಮಿಲಿಮೀಟರ್ ಹೋಗಿ ಅಲ್ಲಿ ನರದ ಕವಚದ ಅಗಲ ಅಳೀತೇವೆ, ದೊಡ್ಡವರಲ್ಲಿ 5 ಮಿಲಿಮೀಟರ್ ದಾಟಿದ್ರೆ ತಲೆಯೊಳಗೆ ಪ್ರೆಶರ್ ಇರ್ಬಹುದಾ ಅಂತ ಡೌಟ್ ಬರ್ತದೆ. ಅರ್ಧ ಮಿಲಿಮೀಟರಿನಲ್ಲಿ ಹಣೆಬರಹ ಬದಲಾಗುವ ಅಳತೆ, ಕೈ ಸ್ವಲ್ಪ ಓರೆ ಆದ್ರೂ ನಂಬರ್ ಬೇರೆ, ನಾನಂತೂ ಅದೊಂದನ್ನೇ ನೋಡಿ ಯಾರನ್ನೂ ಮನೆಗೆ ಕಳಿಸೋದಿಲ್ಲ.

ಪೊರೆ ಆಪರೇಶನ್ ಆಗಿ ಲೆನ್ಸ್ ಹಾಕಿದೆ. ಮಾಡ್ಬಹುದಾ?

ಧಾರಾಳ. ಮೊದಲೇ ಹೇಳಿ ಅಷ್ಟೇ, ಹಾಕಿದ ಲೆನ್ಸಿನಿಂದ ಶಬ್ದ ಅಲ್ಲಲ್ಲೇ ಬಡಿದು ಸುಳ್ಳು ಗೆರೆ ಬರ್ತದೆ. ಹಿಂದೆ ರೆಟಿನಾ ಆಪರೇಶನ್‌ನಲ್ಲಿ ಸಿಲಿಕಾನ್ ಎಣ್ಣೆ ತುಂಬಿಸಿದ್ರೆ ಇನ್ನೂ ಮುಖ್ಯ, ಎಣ್ಣೆಯಲ್ಲಿ ಶಬ್ದ ನಿಧಾನ ಹೋಗ್ತದೆ, ಮೆಷಿನ್‌ಗೆ ಅದು ಗೊತ್ತಿಲ್ಲ, ಕಣ್ಣು ಕೋಳಿಮೊಟ್ಟೆಯ ಹಾಗೆ ಉದ್ದ ಕಾಣ್ತದೆ.

ಈಗ ಮೊಬೈಲಿಗೆ ಸಿಕ್ಕಿಸುವ ಪ್ರೋಬ್ ಬಂದಿದೆಯಂತೆ, ಆಂಬುಲೆನ್ಸಿನಲ್ಲಿ, ಊರಿನ ಕ್ಲಿನಿಕ್‌ನಲ್ಲಿ ಇಟ್ಕೊಳ್ಬಹುದಲ್ಲ?

ಮೆಷಿನ್ ಬಂದಿದೆ, ಕಾನೂನು ಅಷ್ಟು ಸುಲಭ ಇಲ್ಲ. ಸ್ಕ್ಯಾನಿಂಗ್ ರೂಮಿನ ಬಾಗಿಲಲ್ಲಿ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅಂತ ಬೋರ್ಡ್ ನೋಡಿದ್ದೀರಲ್ಲ, ಅದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಹೊಟ್ಟೆಯ ಮಗುವನ್ನು ನೋಡ್ಬಹುದಾದ ಮೆಷಿನ್ ಅಂದ ಮೇಲೆ ಅದಕ್ಕೆ ರಿಜಿಸ್ಟ್ರೇಶನ್ ಬೇಕು, ಇಂಥ ಜಾಗದ್ದು ಅಂತ ಲೆಕ್ಕ ಬೇಕು, ಆಸ್ಪತ್ರೆಯೊಳಗೆ ಬೆಡ್ಡಿನಿಂದ ಬೆಡ್ಡಿಗೆ ಓಡಾಡಿಸ್ಬಹುದು, ಬ್ಯಾಗಿಗೆ ಹಾಕ್ಕೊಂಡು ಗೇಟ್ ದಾಟಿಸೋ ಹಾಗಿಲ್ಲ. ನಾನು ನೋಡೋದು ಕಣ್ಣು ಮಾತ್ರ ಅಂದ್ರೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳ್ತಾರಾ? ಕಾಯ್ದೆ ಯಾಕೆ ಬಂತು ಅಂತ ಗೊತ್ತಿರುವವರಿಗೆ ಅದರ ಮೇಲೆ ಸಿಟ್ಟು ಮಾಡ್ಲಿಕ್ಕೂ ಬರೋದಿಲ್ಲ. ಆದ್ರೂ ಹೆಬ್ರಿಯಲ್ಲೋ ಬೈಂದೂರಿನಲ್ಲೋ ಕೂತ ಡಾಕ್ಟರಿಗೆ ಇದೊಂದು ಕೈಗೆ ಸಿಕ್ಕಿದ್ರೆ ಎಷ್ಟು ಒಳ್ಳೆದಿತ್ತು ಅಂತ ಅನ್ನಿಸೋದು ಬಿಟ್ಟಿಲ್ಲ.

ನಾವು ದೂರ ಇರೋದು. ಎಲ್ಲಿಗೆ ಹೋಗೋದು, ಎಂತ ಹಿಡ್ಕೊಳ್ಳೋದು?

ಮೊದಲು ಮನೆಯಲ್ಲೇ ಒಂದೊಂದು ಕಣ್ಣು ಅಂಗೈಯಲ್ಲಿ ಮುಚ್ಚಿ ನೋಡಿ, ಯಾವ ಕಣ್ಣು, ಯಾವ ಬದಿ, ಎಷ್ಟು ಗಂಟೆಗೆ ಶುರು, ಚೀಟಿಯಲ್ಲಿ ಬರೀರಿ. ಆ ಗಂಟೆ ನನಗೆ ಬಂಗಾರ. "ನಿನ್ನೆಯಿಂದ" ಅಂದ್ರೆ ಸಾಲೋದಿಲ್ಲ. ನೀವೇ ಗಾಡಿ ಓಡಿಸ್ಬೇಡಿ. ಒಮ್ಮೆಲೇ ಪೂರ್ತಿ ಕತ್ತಲೆ ಆದವರು, ಜೊತೆಗೆ ಮಾತು ತೊದಲಿದ್ರೆ ಬಾಯಿ ಓರೆ ಆದ್ರೆ ಅಂತೂ, 108ಕ್ಕೆ ಫೋನ್ ಮಾಡಿ ಸ್ಟ್ರೋಕ್ ನೋಡುವ ದೊಡ್ಡ ಆಸ್ಪತ್ರೆಗೇ ಹೋಗಿ, ಕಣ್ಣಿನ ಕ್ಲಿನಿಕ್‌ಗೆ ಅಲ್ಲ. ತೆರೆ, ಮಿಂಚು, ಚುಕ್ಕೆಯವರು ಹೊರಡುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, "ರೆಟಿನಾ ಸರ್ಜನ್ ಇವತ್ತು ಸಿಗ್ತಾರಾ?" ಕಣ್ಣಿನ ಡಾಕ್ಟರ್ ಇದ್ದಾರಾ ಅಂತ ಕೇಳಿದ್ರೆ ಎಲ್ಲ ಕಡೆ ಹೌದು ಅಂತಲೇ ಉತ್ತರ. ಮಣಿಪಾಲ, ಮಂಗಳೂರಿನ ಮೆಡಿಕಲ್ ಕಾಲೇಜುಗಳು, ಸರಕಾರಿ ಅಂದ್ರೆ ವೆನ್‌ಲಾಕ್, ಹತ್ರ ಯಾವುದೋ ಅಲ್ಲಿಂದ ಶುರು ಮಾಡಿ. ಈಗ ತಿನ್ನುವ ಮಾತ್ರೆಗಳ ಚೀಟಿ, ಹಳೆ ಕನ್ನಡಕ, ಆಧಾರ್, ಆಯುಷ್ಮಾನ್ ಕಾರ್ಡ್ ಇದ್ರೆ ಅದು.

ರೆಟಿನಾ ಆಪರೇಶನ್‌ನಲ್ಲಿ ಗ್ಯಾಸ್ ತುಂಬಿಸಿದ್ರು. ದುಬೈಗೆ ವಾಪಸ್ ಟಿಕೆಟ್ ಆಗಿದೆ, ಹೋಗ್ಬಹುದಾ?

ಇದು ನಮ್ಮೂರಿನದ್ದೇ ಪ್ರಶ್ನೆ, ಬಜಪೆ ಏರ್ಪೋರ್ಟಿನಿಂದ ಗಲ್ಫಿಗೆ ಹೋಗುವವರು ಅಷ್ಟು ಜನ ಇದ್ದಾರೆ. ಗ್ಯಾಸ್ ಇರುವ ತನಕ ವಿಮಾನ ಖಂಡಿತ ಇಲ್ಲ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ ಆಗಿ ಕಣ್ಣೊಳಗಿನ ಗ್ಯಾಸ್ ಉಬ್ಬುತ್ತದೆ, ಉಬ್ಬಿದ್ರೆ ರಕ್ತನಾಳ ಒತ್ತಿ ಹೋಗಿ ಆಗಲೇ ಹೇಳಿದ ಬ್ಲಾಕ್ ಆಗಿ ಉಳಿಸಿದ ಕಣ್ಣೇ ಹೋಗ್ತದೆ. ಎಸ್‌ಎಫ್6 ಅನ್ನುವ ಗ್ಯಾಸ್ ಎರಡು ವಾರದ ಆಸುಪಾಸು ಇರ್ತದೆ, ಸಿ3ಎಫ್8 ಎರಡು ತಿಂಗಳ ತನಕ. ಯಾವುದು ಹಾಕಿದ್ದು ಅಂತ ಕೇಳಿ ಬರ್ಕೊಳ್ಳಿ. ಘಾಟಿಯೂ ವಿಮಾನದ ಸಣ್ಣ ತಮ್ಮನೇ. ಉಡುಪಿಯಲ್ಲಿ ನಾವಿರೋದು ಸಮುದ್ರದ ಮಟ್ಟದಲ್ಲಿ, ಬೆಂಗಳೂರು 900 ಮೀಟರ್ ಸುಮಾರು, ಮಡಿಕೇರಿ 1100ಕ್ಕಿಂತ ಮೇಲೆ. ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಬಾಣಂತಿ ಮಗಳನ್ನು ನೋಡ್ಲಿಕ್ಕೆ ಹೋಗ್ತೇನೆ ಅಂತ ಹಠ ಮಾಡಿದವರಿದ್ದಾರೆ, ಸರ್ಜನ್ ಹತ್ರ ಕೇಳದೆ ಹತ್ಬೇಡಿ. ಬೇರೆ ಯಾವುದಾದ್ರೂ ಆಪರೇಶನ್‌ಗೆ ಅರಿವಳಿಕೆ ಕೊಡುವವರಿಗೂ ಕಣ್ಣಲ್ಲಿ ಗ್ಯಾಸ್ ಉಂಟು ಅಂತ ಮೊದಲೇ ಹೇಳಿ, ನೈಟ್ರಸ್ ಆಕ್ಸೈಡ್ ಅದನ್ನು ಉಬ್ಬಿಸ್ತದೆ. ಕವುಚಿ ಮಲಗ್ಲಿಕ್ಕೆ ಹೇಳಿದ್ರೆ ಹೇಳಿದಷ್ಟು ದಿನ ಮಲಗಿ, ಬೇಜಾರೇ, ಆದ್ರೆ ಗ್ಯಾಸ್ ಗುಳ್ಳೆ ಮೇಲಕ್ಕೇ ಏರೋದು, ರೆಟಿನಾವನ್ನು ಗೋಡೆಗೆ ಒತ್ತಿ ಹಿಡ್ಕೊಳ್ಳೋದು ಅದುವೇ.

ನಂದಿಬಟ್ಟಲು ಹೂವಿನ ರಸ, ಎದೆಹಾಲು ಬಿಡ್ಬಹುದಾ?

ಬೇಡ. ತೊಂದರೆ ಹಿಂದಿನ ಗೋಡೆಯಲ್ಲಿ, ನೀವು ಬಿಡೋದು ಮುಂದಿನ ಬಾಗಿಲಿಗೆ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸಿಗೂ ಇದೇ ಉತ್ತರ.

ಸ್ಕ್ಯಾನ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸ್ತೇವೆ, ನೋಡಿ ಹೇಳ್ತೀರಾ?

ಫೋಟೋದಲ್ಲಿ ತೆರೆ ಅಲುಗಾಡೋದಿಲ್ಲ. ನಿಂತ ಚಿತ್ರದಲ್ಲಿ ರೆಟಿನಾದ ಗೆರೆಯೂ ಲೋಳೆಯ ಗೆರೆಯೂ ಒಂದೇ ಥರ. ವಿಡಿಯೋ ಕಳಿಸಿದ್ರೆ ಸ್ವಲ್ಪ ಗೊತ್ತಾಗ್ತದೆ, ಆದ್ರೆ ನಾನು ಡ್ಯೂಟಿಯಲ್ಲಿದ್ರೆ ಫೋನ್ ನೋಡೋದು ಬೆಳಿಗ್ಗೆ 8ಕ್ಕೆ, ಅಷ್ಟರಲ್ಲಿ ನೀವು ಕುಂದಾಪುರದಿಂದ ಮಣಿಪಾಲಕ್ಕೆ ಬಂದು, ಡ್ರಾಪ್ಸ್ ಹಾಕಿಸ್ಕೊಂಡು, ಕ್ಯಾಂಟೀನ್‌ನಲ್ಲಿ ಕೂತಿರ್ಬಹುದು.